ಒಂದು ತಂಬಿಗೆ ಉಪ್ಪುನೀರು: ಉಪನಿಷತ್ತು ಹುಡುಕಿದ 'ಒಂದು', ಭೌತಶಾಸ್ತ್ರ ಹುಡುಕುತ್ತಿರುವ 'ಒಂದು'

ನಟರಾಜನ ಆ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಸ್ವಿಟ್ಜರ್ಲೆಂಡಿನ ಜಿನೀವಾ ಹತ್ತಿರ ಸರ್ನ್ ಎಂಬ ದೊಡ್ಡ ಭೌತಶಾಸ್ತ್ರ ಪ್ರಯೋಗಾಲಯ ಇದೆ. ಅದರ ಆವರಣದಲ್ಲಿ ಎರಡು ಮೀಟರ್ ಎತ್ತರದ ನಟರಾಜನ ಮೂರ್ತಿ ನಿಂತಿದೆ. ಫೋಟೊ ಕೆಳಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ವಿಜ್ಞಾನಿಗಳು ಇಂದು ಹುಡುಕುತ್ತಿರುವ ಏಕೀಕೃತ ಸಿದ್ಧಾಂತವನ್ನು ನಮ್ಮ ಋಷಿಗಳು ಯಾವತ್ತೋ ಹೇಳಿಬಿಟ್ಟಿದ್ದರು.

ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಅದು ಬಂತು. ಪಿಯುಸಿಯಲ್ಲಿ ವಿಜ್ಞಾನ ಓದುವ ಅಣ್ಣನ ಮಗಳು ಮೊಬೈಲ್ ಹಿಡಿದುಕೊಂಡೇ ಬಂದು ಕೇಳಿದಳು, "ಇದು ನಿಜಾನಾ?"

ಮೂರ್ತಿಯ ವಿಷಯ ಸುಲಭ. ಅದು ಭಾರತ ಸರ್ಕಾರ 2004ರಲ್ಲಿ ಕೊಟ್ಟ ಉಡುಗೊರೆ. ನಮ್ಮ ವಿಜ್ಞಾನಿಗಳು ಸರ್ನ್ ಜೊತೆ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ, ಆ ಸ್ನೇಹದ ಗುರುತು ಅದು. ಕೆಳಗಿನ ಸಾಲು ಮಾತ್ರ ಅಷ್ಟು ಸುಲಭ ಅಲ್ಲ. ಹೌದು ಅಂದರೂ ತಪ್ಪಾಗುತ್ತದೆ, ಸುಮ್ನೆ ತಳ್ಳಿಹಾಕಿದರೂ ತಪ್ಪಾಗುತ್ತದೆ. ಅವಳಿಗೆ ಉತ್ತರ ಹೇಳಲು ಒಂದು ತಂಬಿಗೆ ನೀರು ಮತ್ತು ಒಂದು ಹಿಡಿ ಕಲ್ಲುಪ್ಪು ಬೇಕಾಯಿತು.

ಏಕೀಕರಣ ಅಂದರೆ ಏನು?

ಏಕೀಕರಣ ಅಂದ ತಕ್ಷಣ ಕನ್ನಡಿಗರಿಗೆ 1956 ನೆನಪಾಗುತ್ತದೆ. ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಊರುಗಳು ಆಗ ಒಂದು ರಾಜ್ಯವಾದವು. ಆದರೆ ಅಲ್ಲಿ ಬೇರೆಬೇರೆಯಾಗಿದ್ದನ್ನು ನಾವು ಸೇರಿಸಿದೆವು. ಜ್ಞಾನದ ಏಕೀಕರಣದಲ್ಲಿ ಸೇರಿಸುವ ಕೆಲಸ ಇಲ್ಲ. ಬೇರೆ ಬೇರೆ ಅಂದುಕೊಂಡಿದ್ದು ಮೊದಲಿಂದಲೂ ಒಂದೇ ಆಗಿತ್ತು ಎಂದು ಗೊತ್ತಾಗುವುದೇ ಅಲ್ಲಿನ ಏಕೀಕರಣ.

ಬೆಳಿಗ್ಗೆ ಅಡುಗೆಮನೆಯಲ್ಲಿ ಮಿಕ್ಸಿ ನಿಂತುಹೋಗುತ್ತದೆ. ಹಾಲ್‌ನಲ್ಲಿ ಫ್ಯಾನ್ ನಿಲ್ಲುತ್ತದೆ. ಅಷ್ಟರಲ್ಲಿ ಬಚ್ಚಲಿಂದ ಯಾರೋ ಗೀಸರ್ ಕೆಟ್ಟಿದೆ ಅಂತ ಕೂಗುತ್ತಾರೆ. ಮೂರು ತೊಂದರೆ, ಮೂವರು ರಿಪೇರಿಯವರು ಬೇಕೇನೋ ಅನಿಸುತ್ತದೆ. ಹೊರಗೆ ಹೋಗಿ ನೋಡಿದರೆ ಫ್ಯೂಸ್ ಹೋಗಿರುತ್ತದೆ. ಮೂರು ತೊಂದರೆಗೆ ಒಂದೇ ಕಾರಣ. ಜಗತ್ತಿನ ಎಲ್ಲದಕ್ಕೂ ಹೀಗೆ ಒಂದೇ ಮೂಲ ವಿವರಣೆ ಸಿಗಬಹುದೇ ಎಂಬುದು ಏಕೀಕೃತ ಸಿದ್ಧಾಂತದ ಹಂಬಲ.

ಈ ಹಂಬಲ ಹಳೆಯದು. ಮುಂಡಕ ಉಪನಿಷತ್ತಿನ ಶುರುವಿನಲ್ಲೇ ಈ ಪ್ರಶ್ನೆ ಬರುತ್ತದೆ. ಶೌನಕ ಎಂಬ ದೊಡ್ಡ ಗೃಹಸ್ಥ ಅಂಗಿರಸ ಋಷಿಯ ಬಳಿ ಹೋಗಿ ಕೇಳುತ್ತಾನೆ: ಪೂಜ್ಯರೇ, ಯಾವುದನ್ನು ತಿಳಿದರೆ ಇದೆಲ್ಲವೂ ತಿಳಿದಂತಾಗುತ್ತದೆ?

ಅಪ್ಪ, ಮಗ ಮತ್ತು ಉಪ್ಪು

ಇದೇ ಪ್ರಶ್ನೆಯನ್ನು ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯ ಒಂದು ಮನೆಯ ಕಥೆಯಾಗಿ ಹೇಳುತ್ತದೆ. ಶ್ವೇತಕೇತು 12 ವರ್ಷದವನಿದ್ದಾಗ ಗುರುಕುಲಕ್ಕೆ ಹೋದ. 24ಕ್ಕೆ ವೇದವೆಲ್ಲ ಓದಿ ಮುಗಿಸಿ ವಾಪಸ್ ಬಂದ. ತನಗೆ ಎಲ್ಲ ಗೊತ್ತು ಎಂಬ ಜಂಬ ಮುಖದ ಮೇಲೇ ಇತ್ತು. ಅಪ್ಪ ಉದ್ದಾಲಕ ಆರುಣಿ ಮೆಲ್ಲಗೆ ಕೇಳಿದ: ಕೇಳದೇ ಇದ್ದದ್ದೂ ಕೇಳಿದಂತಾಗುವ, ತಿಳಿಯದೇ ಇದ್ದದ್ದೂ ತಿಳಿದಂತಾಗುವ ಆ ಒಂದು ಉಪದೇಶವನ್ನು ನಿನ್ನ ಗುರುಗಳ ಹತ್ತಿರ ಕೇಳಿಕೊಂಡೆಯಾ?

ಮಗನಿಗೆ ಅರ್ಥವಾಗಲಿಲ್ಲ. ಅಪ್ಪ ಮಣ್ಣಿನ ಉದಾಹರಣೆ ಕೊಟ್ಟ. ಒಂದು ಮುದ್ದೆ ಮಣ್ಣು ಏನೆಂದು ತಿಳಿದರೆ ಮಣ್ಣಿನಿಂದಾದ ಎಲ್ಲವೂ ತಿಳಿಯಿತು. ಮಡಕೆ, ಹಣತೆ, ಹೂಜಿ ಎಲ್ಲ ಹೆಸರಿನ ಬದಲಾವಣೆ, ಇರುವುದು ಮಣ್ಣು. ನಮ್ಮಲ್ಲಿ ಗೌರಿ ಹಬ್ಬಕ್ಕೆ ಗಣಪನ ಮೂರ್ತಿ ಮಾಡುವುದನ್ನು ನೋಡಿದ್ದರೆ ಇದು ತಟ್ಟನೆ ಹೊಳೆಯುತ್ತದೆ. ಅದೇ ಮುದ್ದೆಯಿಂದ ಸೊಂಡಿಲೂ ಬರುತ್ತದೆ, ಇಲಿಯೂ ಬರುತ್ತದೆ.

ಹಾಗಾದರೆ ಇಡೀ ಜಗತ್ತಿನ ಮಣ್ಣು ಯಾವುದು? ಉದ್ದಾಲಕ ಅದಕ್ಕೆ 'ಸತ್' ಎಂದ. ಸತ್ ಅಂದರೆ ಇರುವುದು. ಹೆಸರು ಬೇಡ, ಆಕಾರ ಬೇಡ, ಸುಮ್ಮನೆ 'ಇದೆ' ಅನ್ನುತ್ತೇವಲ್ಲ, ಅದು. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದು ಇದೆ ಎಂದು ಹೇಗೆ ತೋರಿಸುವುದು?

ಅಲ್ಲಿ ಬರುತ್ತದೆ ಉಪ್ಪು. ರಾತ್ರಿ ನೀರಿಗೆ ಈ ಉಪ್ಪು ಹಾಕಿ ಬೆಳಿಗ್ಗೆ ಬಾ ಎಂದ ಅಪ್ಪ. ಬೆಳಿಗ್ಗೆ ಬಂದವನಿಗೆ, ಹಾಕಿದ ಉಪ್ಪನ್ನು ತೆಗೆದುಕೊಂಡು ಬಾ ಎಂದ. ಮಗ ತಡಕಾಡಿದ, ಸಿಗಲಿಲ್ಲ. ಈ ಕಡೆಯಿಂದ ಗುಟುಕರಿಸು, ಹೇಗಿದೆ? ಉಪ್ಪು. ಮಧ್ಯದಿಂದ? ಉಪ್ಪು. ಆ ಕಡೆಯಿಂದ? ಉಪ್ಪು. ಆಗ ಅಪ್ಪ ಹೇಳಿದ: ಮಗು, ಆ ಸತ್ ಕೂಡ ಇಲ್ಲೇ ಇದೆ. ನಿನಗೆ ಕಾಣುತ್ತಿಲ್ಲ, ಅಷ್ಟೇ. ಇದೆಲ್ಲದರ ತಿರುಳು ಅದೇ. ಅದೇ ಸತ್ಯ, ಅದೇ ಆತ್ಮ. ತತ್ ತ್ವಂ ಅಸಿ, ಅದೇ ನೀನು.

ಉದಾಹರಣೆ ಬದಲಿಸುತ್ತಾ ಈ ಮಾತನ್ನು ಅವನು ಒಂಬತ್ತು ಸಲ ಹೇಳುತ್ತಾನೆ. ಮುಖ್ಯವಾದ ತಿರುವು ಕೊನೆಯ ಪದದಲ್ಲಿದೆ. ಜಗತ್ತಿನ ಮೂಲ ಏನು ಎಂದು ಶುರುವಾದ ಮಾತು 'ನೀನು' ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹುಡುಕುತ್ತಿದ್ದವನೇ ಪ್ರಶ್ನೆಯ ಒಳಗೆ ಬಂದುಬಿಟ್ಟ.

ಹಿಂದೂ ದರ್ಶನ ಅಂದರೆ ಒಂದೇ ಉತ್ತರ ಅಲ್ಲ

ಫಾರ್ವರ್ಡ್‌ಗಳು ಮರೆಸಿಬಿಡುವ ವಿಷಯ ಇದು. 'ನಮ್ಮ ಋಷಿಗಳು ಹೇಳಿದ್ದರು' ಅನ್ನುತ್ತೇವೆ. ಯಾವ ಋಷಿ? ಎಲ್ಲರೂ ಎಲ್ಲವೂ ಒಂದೇ ಅಂದಿಲ್ಲ.

ಸಾಂಖ್ಯ ಎಂಬ ದರ್ಶನದವರನ್ನು ಕೇಳಿದರೆ ಮೂಲ ಎರಡು. ಒಂದು ಪ್ರಕೃತಿ, ಅಂದರೆ ಬದಲಾಗುತ್ತಾ ಹೋಗುವ ಜಡ ಮೂಲ. ಇನ್ನೊಂದು ಪುರುಷ, ಅಂದರೆ ಸುಮ್ಮನೆ ನೋಡುವ ಅರಿವು. ಸತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳ ಏರುಪೇರಿನಿಂದ ಪ್ರಕೃತಿ ಹರಡಿಕೊಳ್ಳುತ್ತದೆ. ಎಲ್ಲ ಸೇರಿ 25 ತತ್ವಗಳ ಲೆಕ್ಕ. ಸಾಂಖ್ಯ ಎಂಬ ಹೆಸರಲ್ಲೇ ಸಂಖ್ಯೆ ಇದೆ.

ಕಣಾದನ ವೈಶೇಷಿಕ ದರ್ಶನ ಇನ್ನೂ ಬೇರೆ ದಾರಿ. ಅದಕ್ಕೆ ಒಂದು ಮಾಡುವ ಆಸೆಗಿಂತ ಸರಿಯಾಗಿ ವಿಂಗಡಿಸುವ ಆಸೆ ಜಾಸ್ತಿ. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ, ಕಾಲ, ದಿಕ್ಕು, ಆತ್ಮ, ಮನಸ್ಸು ಎಂದು ಒಂಬತ್ತು ದ್ರವ್ಯಗಳು. ಮೊದಲಿನ ನಾಲ್ಕು ಪರಮಾಣುಗಳಿಂದ ಆದವು. ಇದನ್ನು ಇಂದಿನ ಆ್ಯಟಮ್ ಅನ್ನುವವರಿದ್ದಾರೆ. ವಸ್ತುವನ್ನು ಒಡೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು ಎಂಬ ತರ್ಕ ನಿಜಕ್ಕೂ ಚೆನ್ನಾಗಿದೆ. ಆದರೆ ಕಣಾದನ ಪರಮಾಣು ಒಡೆಯಲಾಗದ್ದು, ಮಣ್ಣಿಗೆ ಮಣ್ಣಿನದು, ನೀರಿಗೆ ನೀರಿನದು. ಇಂದಿನ ಆ್ಯಟಮ್ ಒಳಗೆ ಎಲೆಕ್ಟ್ರಾನ್ ಇದೆ ಎಂದು 1897ರಲ್ಲೇ ಗೊತ್ತಾಯಿತು. ಹೆಸರು ಒಂದಾದರೂ ವಸ್ತು ಬೇರೆ.

ಶೃಂಗೇರಿ, ಮೇಲುಕೋಟೆ, ಉಡುಪಿ: ಒಂದೇ ವಾಕ್ಯ, ಮೂರು ಓದು

ಉಪನಿಷತ್ತನ್ನೇ ಒಪ್ಪಿಕೊಂಡವರಲ್ಲೂ ಉತ್ತರ ಒಂದಲ್ಲ. ಇದನ್ನು ಕನ್ನಡಿಗರಿಗೆ ತೋರಿಸುವುದು ಸುಲಭ. ಒಂದು ವಾರದ ಪ್ರವಾಸದಲ್ಲಿ ಮೂರೂ ಉತ್ತರಗಳ ಊರುಗಳನ್ನು ನೋಡಿ ಬರಬಹುದು.

ಶೃಂಗೇರಿ ಶಂಕರರ ಪರಂಪರೆಯ ಪೀಠ. ಅವರದು ಅದ್ವೈತ, ಅಂದರೆ ಎರಡಿಲ್ಲ. ನಿಜವಾಗಿ ಇರುವುದು ಬ್ರಹ್ಮ, ಅಂದರೆ ಉದ್ದಾಲಕ ಹೇಳಿದ ಆ ಸತ್ ಒಂದೇ, ನೀನೂ ಅದೇ. ಹಾಗಾದರೆ ಈ ಮರ, ಈ ಬಸ್ಸು, ಈ ಹಲ್ಲುನೋವು? ಇಲ್ಲಿ 'ಮಾಯೆ' ಎಂಬ ಪದ ಬರುತ್ತದೆ. ಮಾಯೆ ಅಂದರೆ ಎಲ್ಲ ಬರೀ ಸುಳ್ಳು ಎಂದು ಬಹಳ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಅದ್ವೈತ ಇರುವಿಕೆಯಲ್ಲಿ ಮೂರು ಮಟ್ಟ ಹೇಳುತ್ತದೆ. ಕನಸಲ್ಲಿ ಕುಡಿದ ನೀರು ಕನಸಿರುವ ತನಕ ಮಾತ್ರ, ಎದ್ದಮೇಲೆ ಬಾಯಾರಿಕೆ ಹಾಗೇ ಇರುತ್ತದೆ. ಇದು ಪ್ರಾತಿಭಾಸಿಕ. ಎಚ್ಚರದಲ್ಲಿ ಕುಡಿದ ನೀರು ನಿಜವಾಗಿ ಬಾಯಾರಿಕೆ ತೀರಿಸುತ್ತದೆ, ನಿಮಗೂ ನನಗೂ ಎಲ್ಲರಿಗೂ. ಇದು ವ್ಯಾವಹಾರಿಕ. ಯಾವ ಕಾಲಕ್ಕೂ ಸುಳ್ಳಾಗದ್ದು ಪಾರಮಾರ್ಥಿಕ, ಅದು ಬ್ರಹ್ಮ. ಮಬ್ಬಲ್ಲಿ ಹಗ್ಗ ಹಾವಾಗಿ ಕಂಡಾಗ ಎದೆ ಬಡಿತ ನಿಜವೇ. ದೀಪ ತಂದ ಮೇಲೆ ಹಗ್ಗ ಒಂದೇ ಉಳಿಯುತ್ತದೆ.

ಮೇಲುಕೋಟೆಯಲ್ಲಿ ರಾಮಾನುಜರು ಹಲವು ವರ್ಷ ಇದ್ದರು. ಅವರದು ವಿಶಿಷ್ಟಾದ್ವೈತ. ಇರುವುದು ಒಂದೇ, ಆದರೆ ಅದು ಬರಿದಾದ ಒಂದಲ್ಲ. ಜೀವರು ಮತ್ತು ಜಗತ್ತು ಆ ಒಂದರ ಶರೀರ. ಮನೆಗೆ ಯಾರೋ ಬಂದಾಗ 'ಅವರು ಬಂದರು' ಅನ್ನುತ್ತೇವೆ. ನಡೆದು ಬಂದದ್ದು ದೇಹ, ಆದರೆ ನಮ್ಮ ಮಾತು ಒಳಗಿರುವ ವ್ಯಕ್ತಿಯವರೆಗೆ ಹೋಗುತ್ತದೆ. ಹಾಗೆಯೇ 'ನೀನು' ಎಂಬ ಮಾತು ಶ್ವೇತಕೇತುವಿನಲ್ಲಿ ನಿಲ್ಲದೆ ಅವನ ಒಳಗಿರುವ ಪರಮಾತ್ಮನವರೆಗೆ ಹೋಗುತ್ತದೆ ಎಂಬುದು ಅವರ ಓದು.

ಉಡುಪಿಯ ಮಧ್ವಾಚಾರ್ಯರು 13ನೇ ಶತಮಾನದವರು, ಹುಟ್ಟಿದ್ದು ಅಲ್ಲೇ ಹತ್ತಿರದ ಪಾಜಕದಲ್ಲಿ. ಅವರ ಓದು ಹೈಸ್ಕೂಲಿನ ವ್ಯಾಕರಣ ನೆನಪಿರುವವರಿಗೆ ಖುಷಿ ಕೊಡುತ್ತದೆ. ಉಪನಿಷತ್ತಿನಲ್ಲಿ 'ತತ್ ತ್ವಂ ಅಸಿ' ಎಂಬ ವಾಕ್ಯದ ಹಿಂದೆ 'ಆತ್ಮಾ' ಎಂಬ ಪದ ಇದೆ. 'ಆತ್ಮಾ ತತ್' ಅಂದರೂ, 'ಆತ್ಮಾ ಅತತ್' ಅಂದು ಸವರ್ಣದೀರ್ಘ ಸಂಧಿ ಮಾಡಿದರೂ ಕಿವಿಗೆ ಕೇಳುವುದು 'ಆತ್ಮಾತತ್' ಎಂದೇ. ಮಧ್ವರು ಎರಡನೆಯದನ್ನು ಹಿಡಿದರು. ಅತತ್ ತ್ವಂ ಅಸಿ, ನೀನು ಅದಲ್ಲ!

ಉಪ್ಪಿನ ಉದಾಹರಣೆಯನ್ನು ಅವರು ಬಿಟ್ಟುಕೊಡಲಿಲ್ಲ. ನೀರಲ್ಲಿ ಉಪ್ಪು ಎಲ್ಲೆಲ್ಲೂ ಇದೆ, ಕಾಣುವುದಿಲ್ಲ, ನಿಜ. ಆದರೆ ಉಪ್ಪು ಉಪ್ಪೇ, ನೀರು ನೀರೇ. ಬೆರೆತಿವೆ, ಒಂದಾಗಿಲ್ಲ. ದೇವರು ಮತ್ತು ಜೀವ ಹಾಗೆ ಎಂದರು. ದೇವರು, ಜೀವ, ಜಡ ಇವುಗಳ ನಡುವೆ ಐದು ಬಗೆಯ ಭೇದ ನಿಜ ಮತ್ತು ಶಾಶ್ವತ ಎಂಬುದು ದ್ವೈತ. ಅಂದರೆ ಮಧ್ವರಲ್ಲಿ ಒಗ್ಗಟ್ಟೇ ಇಲ್ಲವೇ? ಇದೆ, ಬೇರೆ ತರಹದ್ದು. ಸ್ವತಂತ್ರ ಒಬ್ಬನೇ, ಹರಿ. ಉಳಿದದ್ದೆಲ್ಲ ಅವನನ್ನು ಆತುಕೊಂಡಿದೆ. ಎಲ್ಲವೂ ಒಂದೇ ವಸ್ತು ಅನ್ನುವ ಬದಲು, ಎಲ್ಲವೂ ಒಬ್ಬನ ಅಧೀನ ಎಂಬ ಏಕತೆ ಅದು.

ಅದೇ ತಂಬಿಗೆ, ಅದೇ ಉಪ್ಪು. ಉತ್ತರ ಮಾತ್ರ ಬೇರೆ. ಈ ವಾದ ನೂರಾರು ವರ್ಷ ನಡೆಯಿತು, ಈಗಲೂ ನಡೆಯುತ್ತಿದೆ. ನನಗೆ ಇದು ಹೆಮ್ಮೆಯ ವಿಷಯ.

ಅದೇ ತಂಬಿಗೆಯನ್ನು ಭೌತಶಾಸ್ತ್ರ ನೋಡಿದರೆ

ಈಗ ಅದೇ ತಂಬಿಗೆಯನ್ನು ಪಿಯುಸಿ ಪುಸ್ತಕದ ಪಕ್ಕ ಇಡೋಣ. ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರಿನ್ ಕಣಗಳ ಜೋಡಣೆ. ಒಂದಕ್ಕೆ ಧನ ವಿದ್ಯುತ್, ಇನ್ನೊಂದಕ್ಕೆ ಋಣ ವಿದ್ಯುತ್. ನೀರಿನ ಅಣುವಿನ ಎರಡು ಬದಿಗೂ ಇಂಥದೇ ಸ್ವಲ್ಪ ಸ್ವಲ್ಪ ವಿದ್ಯುತ್ ಇದೆ. ನೀರು ಉಪ್ಪಿನ ಹರಳನ್ನು ಎರಡೂ ಕಡೆಯಿಂದ ಎಳೆದು ಬಿಡಿಸುತ್ತದೆ. ಕರಗುವುದು ಅಂದರೆ ಇಷ್ಟೇ. ಇಲ್ಲಿ ಕೆಲಸ ಮಾಡಿದ್ದು ವಿದ್ಯುತ್ಕಾಂತ ಬಲ.

ನೀರು ಮೇಲಕ್ಕೆ ಹಾರದೆ ತಂಬಿಗೆಯಲ್ಲಿ ಕೂತಿರುವುದು ಗುರುತ್ವ ಬಲದಿಂದ. ಸೋಡಿಯಂ ಪರಮಾಣುವಿನ ನಡುವೆ 11 ಪ್ರೋಟಾನ್‌ಗಳಿವೆ, ಎಲ್ಲಕ್ಕೂ ಧನ ವಿದ್ಯುತ್, ಒಂದನ್ನೊಂದು ತಳ್ಳಬೇಕು. ಆದರೂ ಅವನ್ನು ಬಿಗಿಯಾಗಿ ಹಿಡಿದಿರುವುದು ಪ್ರಬಲ ಬಲ. ಇನ್ನು ಈ ಉಪ್ಪು ಬಂದದ್ದೆಲ್ಲಿಂದ? ಕುಮಟಾ ತಾಲೂಕಿನ ಸಾಣಿಕಟ್ಟದಲ್ಲಿ ಗದ್ದೆಗಳಿಗೆ ಕಡಲ ನೀರು ಬಿಟ್ಟು ಬಿಸಿಲಲ್ಲಿ ಒಣಗಿಸುತ್ತಾರೆ. ಆ ಬಿಸಿಲು ಹುಟ್ಟಬೇಕಾದರೆ ಸೂರ್ಯನ ಒಳಗೆ ಪ್ರೋಟಾನ್ ನ್ಯೂಟ್ರಾನ್ ಆಗಬೇಕು. ಅದನ್ನು ಮಾಡಿಸುವುದು ದುರ್ಬಲ ಬಲ. ಜಗತ್ತಿನಲ್ಲಿ ನಮಗೆ ಗೊತ್ತಿರುವ ಮೂಲ ಬಲಗಳು ಈ ನಾಲ್ಕೇ. ನಾಲ್ಕೂ ಒಂದು ತಂಬಿಗೆಯಲ್ಲಿ ಸಿಕ್ಕಿದವು.

ನಾಲ್ಕನ್ನು ಒಂದಾಗಿ ನೋಡಬಹುದೇ ಎಂಬುದು ಭೌತಶಾಸ್ತ್ರದ ಪ್ರಶ್ನೆ. ಹಿಂದೆ ಗೆಲುವುಗಳು ಸಿಕ್ಕಿವೆ. ಸೇಬು ಬೀಳುವುದಕ್ಕೂ ಚಂದ್ರ ಭೂಮಿಯ ಸುತ್ತ ಸುತ್ತುವುದಕ್ಕೂ ಒಂದೇ ನಿಯಮ ಎಂದು ನ್ಯೂಟನ್ 1687ರಲ್ಲಿ ತೋರಿಸಿದ. 1820ರಲ್ಲಿ ಅರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ಕಂಡ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನೆಂಟಸ್ತಿಕೆ ಇದೆ ಎಂದು ಗೊತ್ತಾಯಿತು. 1865ರಲ್ಲಿ ಮ್ಯಾಕ್ಸ್‌ವೆಲ್ ಎರಡನ್ನೂ ಒಂದೇ ಗಣಿತದಲ್ಲಿ ಕೂರಿಸಿದ. ಆ ಗಣಿತದಿಂದ ಹುಟ್ಟುವ ಅಲೆಯ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅದು ಬೆಳಕಿನ ವೇಗ! ಬೆಳಕೂ ಅದೇ ಮನೆಯದ್ದು ಎಂದಾಯಿತು.

ಮುಂದಿನ ಹೆಜ್ಜೆ 1960ರ ದಶಕದಲ್ಲಿ. ಗ್ಲಾಶೋ, ವೈನ್‌ಬರ್ಗ್, ಅಬ್ದುಸ್ ಸಲಾಂ ಎಂಬ ಮೂವರು ವಿದ್ಯುತ್ಕಾಂತ ಬಲವೂ ದುರ್ಬಲ ಬಲವೂ ಮೂಲದಲ್ಲಿ ಒಂದೇ ಎಂಬ ಸಿದ್ಧಾಂತ ಕಟ್ಟಿದರು. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಬಿಳಿ ಗಡ್ಡೆಯಾಗಿರುತ್ತದೆ. ಗೊತ್ತಿಲ್ಲದವರು ಅದು ಬೇರೆ ವಸ್ತು ಅಂದುಕೊಳ್ಳಬಹುದು. ಬಿಸಿ ಮಾಡಿದರೆ ಅದೇ ಎಣ್ಣೆ. ಹಾಗೆಯೇ ಬಹಳ ಹೆಚ್ಚಿನ ಶಕ್ತಿಯಲ್ಲಿ ಆ ಎರಡು ಬಲಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ಮೂವರಿಗೂ 1979ರಲ್ಲಿ ನೊಬೆಲ್ ಬಂತು. ಸಿದ್ಧಾಂತ ಹೇಳಿದ್ದ ಡಬ್ಲ್ಯು ಮತ್ತು ಝಡ್ ಎಂಬ ಕಣಗಳು 1983ರಲ್ಲಿ ಸರ್ನ್‌ನಲ್ಲಿ ಸಿಕ್ಕಿದವು. ಅವು ಪ್ರೋಟಾನಿಗಿಂತ 80 ಪಟ್ಟಿಗೂ ಜಾಸ್ತಿ ಭಾರ. 2012ರಲ್ಲಿ ಅಲ್ಲೇ, 27 ಕಿಲೋಮೀಟರ್ ಸುತ್ತಳತೆಯ ಯಂತ್ರದಲ್ಲಿ, ಅದೇ ಸಿದ್ಧಾಂತಕ್ಕೆ ಬೇಕಾಗಿದ್ದ ಹಿಗ್ಸ್ ಬೋಸಾನ್ ಎಂಬ ಕಣ ಸಿಕ್ಕಿತು.

ಎಲ್ಲಿ ಸಿಕ್ಕಿಕೊಂಡಿದೆ?

ಗುರುತ್ವದಲ್ಲಿ. ಫ್ರಿಜ್ಜಿಗೆ ಅಂಟಿಸುವ ಪುಟ್ಟ ಅಯಸ್ಕಾಂತ ಗುಂಡುಸೂಜಿಯನ್ನು ಎತ್ತಿಬಿಡುತ್ತದೆ, ಇಡೀ ಭೂಮಿ ಕೆಳಗಿನಿಂದ ಎಳೆಯುತ್ತಿದ್ದರೂ. ಗುರುತ್ವ ಅಷ್ಟು ಮೆತ್ತಗಿನ ಬಲ. ಕಣಗಳ ಮಟ್ಟದಲ್ಲಿ ಅದನ್ನು ಹಿಡಿದು ನೋಡುವುದೇ ಕಷ್ಟ.

ಇನ್ನೊಂದು ತೊಡಕು ಗಣಿತದ್ದು. ಐನ್‌ಸ್ಟೈನ್ 1915ರಲ್ಲಿ ಹೇಳಿದ ಪ್ರಕಾರ ಗುರುತ್ವ ಅಂದರೆ ದೇಶ (ಅಂದರೆ ಸುತ್ತಲಿನ ಜಾಗ) ಮತ್ತು ಕಾಲದ ಬಾಗು. ಅದು ನಯವಾದದ್ದು, ಎಲ್ಲೂ ತುಂಡಾಗದ್ದು. ಉಳಿದ ಮೂರು ಬಲಗಳ ಕ್ವಾಂಟಮ್ ಲೆಕ್ಕದಲ್ಲಿ, ಅಂದರೆ ಅತಿ ಸಣ್ಣ ಮಟ್ಟದ ಲೆಕ್ಕದಲ್ಲಿ, ಎಲ್ಲವೂ ಬಿಡಿ ಬಿಡಿ ಕಣ. ರಾಗಿ ಹಿಟ್ಟಿನ ರಾಶಿ ದೂರದಿಂದ ನಯವಾದ ಗುಡ್ಡದಂತೆ ಕಾಣುತ್ತದೆ, ಹತ್ತಿರ ಹೋದರೆ ಪುಡಿ ಪುಡಿ. ದೇಶ ಮತ್ತು ಕಾಲವೂ ಹತ್ತಿರದಿಂದ ಹಾಗೆ ಪುಡಿಯೇ? ಗೊತ್ತಿಲ್ಲ. ಎರಡು ಲೆಕ್ಕವನ್ನು ನೇರವಾಗಿ ಸೇರಿಸಿದರೆ ಉತ್ತರ ಅನಂತ ಎಂದು ಬರುತ್ತದೆ, ಅಂದರೆ ಎಲ್ಲೋ ತಪ್ಪಿದೆ ಎಂದರ್ಥ. ಐನ್‌ಸ್ಟೈನ್ ಕೊನೆಯ 30 ವರ್ಷ ಇಂಥ ಏಕೀಕರಣಕ್ಕೇ ದುಡಿದರು, ಸಿಗಲಿಲ್ಲ. ಮೂಲ ಕಣಗಳನ್ನು ಕಂಪಿಸುವ ಪುಟ್ಟ ಎಳೆಗಳೆಂದು ನೋಡುವ ಸ್ಟ್ರಿಂಗ್ ಥಿಯರಿಯಂಥ ಪ್ರಯತ್ನಗಳು ನಡೆಯುತ್ತಿವೆ. ಪ್ರಯೋಗದ ಸಾಕ್ಷ್ಯ ಇನ್ನೂ ಬಂದಿಲ್ಲ.

ಹಾಗಾದರೆ ಎರಡೂ ಒಂದೇ ಹುಡುಕಾಟವೇ?

ಅಣ್ಣನ ಮಗಳು ಇದೆಲ್ಲ ಕೇಳಿ ಸುಮ್ಮನಿರಲಿಲ್ಲ. ಆ ರಾತ್ರಿ ನಿಜವಾಗಿಯೂ ತಂಬಿಗೆಗೆ ಕಲ್ಲುಪ್ಪು ಹಾಕಿಟ್ಟಳು. ಬೆಳಿಗ್ಗೆ ಚಮಚದಿಂದ ಮೇಲಿನ ನೀರು ತೆಗೆದು ನಾಲಿಗೆಗೆ ಹಚ್ಚಿದಳು. ಆಮೇಲೆ ಸ್ಟ್ರಾ ಇಳಿಸಿ ತಳದಿಂದ ಎಳೆದಳು. ಮುಖ ಕಿವುಚಿತು. "ಕೆಳಗಡೆ ತುಂಬಾ ಜಾಸ್ತಿ ಉಪ್ಪು. ಒಂದೇ ತರ ಇಲ್ಲವಲ್ಲ!"

ಅವಳು ಹೇಳಿದ್ದು ಸರಿ. ಕಲಕದೆ ಇಟ್ಟರೆ ಉಪ್ಪು ಮೇಲಕ್ಕೆ ಹರಡುವುದು ಬಹಳ ನಿಧಾನ, ಒಂದು ರಾತ್ರಿ ಸಾಲದು. ಉಪ್ಪುನೀರು ಭಾರ, ತಳದಲ್ಲೇ ಕೂರುತ್ತದೆ. ಭೌತಶಾಸ್ತ್ರಕ್ಕೆ ಇದು ತುಂಬಾ ಮುಖ್ಯ. ಎಷ್ಟು ಉಪ್ಪು, ಎಷ್ಟು ಆಳದಲ್ಲಿ, ಎಷ್ಟು ಹೊತ್ತಿಗೆ ಎಂದು ಅಳೆಯಬೇಕು. ಅಳತೆ ತಪ್ಪಿದರೆ ಸಿದ್ಧಾಂತ ಬಿದ್ದುಹೋಗಬೇಕು. ಉದ್ದಾಲಕ ಮಾತ್ರ ಎಷ್ಟು ಎಂದು ಕೇಳಲೇ ಇಲ್ಲ. ಕಣ್ಣಿಗೆ ಕಾಣದ್ದು ಇದೆಯೋ ಇಲ್ಲವೋ, ಇದ್ದರೆ ಅದಕ್ಕೂ ನಿನಗೂ ಏನು ಸಂಬಂಧ ಎಂದು ಕೇಳಿದ. ಮೇಲೆ ಸ್ವಲ್ಪ ಕಡಿಮೆ ಉಪ್ಪಿದ್ದರೆ ಅವನ ಮಾತಿಗೆ ಧಕ್ಕೆ ಇಲ್ಲ. ಎರಡು ಪ್ರಶ್ನೆಗಳೂ 'ಒಂದು' ಎಂಬ ಪದ ಬಳಸುತ್ತವೆ, ಆದರೆ ಕೇಳುತ್ತಿರುವುದು ಬೇರೆ ಬೇರೆ.

ಒಪ್ಪಿಕೊಳ್ಳುವ ರೀತಿಯೂ ಬೇರೆ. ದರ್ಶನಗಳು ಕುರುಡಾಗಿ ನಂಬಿ ಅನ್ನುವುದಿಲ್ಲ. ತಿಳಿವಿಗೆ ಆಧಾರ ಯಾವುದು ಎಂಬ ಬಗ್ಗೆ ಪ್ರಮಾಣ ಎಂಬ ದೊಡ್ಡ ಚರ್ಚೆಯೇ ಇದೆ. ವೈಶೇಷಿಕರು ಪ್ರತ್ಯಕ್ಷ (ನೇರವಾಗಿ ಕಂಡದ್ದು) ಮತ್ತು ಅನುಮಾನ (ತರ್ಕದಿಂದ ತಿಳಿದದ್ದು) ಎಂದು ಎರಡೇ ಹೇಳುತ್ತಾರೆ. ಮಧ್ವರು ಅವೆರಡರ ಜೊತೆ ಆಗಮ, ಅಂದರೆ ಶಾಸ್ತ್ರವಾಕ್ಯ ಸೇರಿಸುತ್ತಾರೆ. ಅದ್ವೈತದಲ್ಲಿ ಆರು. ಆದರೆ ಬ್ರಹ್ಮ ಯಂತ್ರದಲ್ಲಿ ಸಿಗುವ ವಸ್ತು ಎಂದು ಯಾವ ಆಚಾರ್ಯರೂ ಹೇಳಲಿಲ್ಲ. ಸರ್ನ್‌ನಲ್ಲಿ ಹಿಗ್ಸ್ ಸಿಕ್ಕಿದ್ದರಿಂದ ಅದ್ವೈತ ಗೆದ್ದಂತೆಯೂ ಅಲ್ಲ, ದ್ವೈತ ಸೋತಂತೆಯೂ ಅಲ್ಲ.

ಕ್ವಾಂಟಮ್ ಸಿದ್ಧಾಂತ ಕಟ್ಟಿದವರಲ್ಲಿ ಒಬ್ಬರಾದ ಶ್ರೋಡಿಂಗರ್ ಉಪನಿಷತ್ತುಗಳನ್ನು ಮನಸಾರೆ ಮೆಚ್ಚಿದ್ದರು, ನಿಜ. 1944ರ ಪುಸ್ತಕವೊಂದರ ಕೊನೆಯಲ್ಲಿ ಆತ್ಮವೇ ಬ್ರಹ್ಮ ಎಂಬ ಮಾತನ್ನು ಎತ್ತಿ ಬರೆದಿದ್ದಾರೆ. ಆದರೆ 1926ರ ಅವರ ಸಮೀಕರಣವನ್ನು ಜಗತ್ತು ಒಪ್ಪಿದ್ದು ಅದು ಹೈಡ್ರೋಜನ್ ಸೂಸುವ ಬೆಳಕಿನ ಲೆಕ್ಕವನ್ನು ಸರಿಯಾಗಿ ಕೊಟ್ಟದ್ದಕ್ಕೆ. ವೈನ್‌ಬರ್ಗ್ ನಾಸ್ತಿಕ, ಸಲಾಂ ಶ್ರದ್ಧಾವಂತ ಮುಸ್ಲಿಂ. ಇಬ್ಬರೂ ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ಸಿದ್ಧಾಂತಕ್ಕೆ ಬಂದರು. ನಂಬಿಕೆ ಹುಡುಕಾಟಕ್ಕೆ ಹುರುಪು ಕೊಡಬಹುದು. ಲೆಕ್ಕ ಮಾತ್ರ ಲೆಕ್ಕದಂತೆಯೇ ನಡೆಯುತ್ತದೆ.

ಉಪ್ಪು ಅಂತ ಗೊತ್ತಾಗಿದ್ದು ಯಾರಿಗೆ?

ಅವಳು ಚಮಚ ಹಾಕಿ ಚೆನ್ನಾಗಿ ಕಲಕಿದಳು. ಮತ್ತೆ ಮೇಲಿನಿಂದ, ನಡುವಿನಿಂದ, ತಳದಿಂದ ನೋಡಿದಳು. ಈಗ ಒಂದೇ ರುಚಿ. ಆಗ ನಾವು ಮಾತಾಡಿದ್ದು ಆ ರುಚಿಯ ಬಗ್ಗೆ.

ಸೋಡಿಯಂ ಕಣ ನಾಲಿಗೆಯ ರುಚಿಮೊಗ್ಗಿನ ಜೀವಕೋಶದ ಒಳಗೆ ಹೋಗುತ್ತದೆ. ಅಲ್ಲಿಂದ ನರದಲ್ಲಿ ಒಂದು ವಿದ್ಯುತ್ ಸುದ್ದಿ ಹೊರಟು ಮಿದುಳಿಗೆ ಸೇರುತ್ತದೆ. ಇಷ್ಟನ್ನೂ ಅಳೆಯಬಹುದು, ಅಳೆದಿದ್ದಾರೆ. ಆದರೆ ಆ ಸುದ್ದಿ ಬಂದಾಗ ಒಳಗೆ 'ಉಪ್ಪು' ಎಂಬ ಅನುಭವ ಯಾಕೆ ಆಗುತ್ತದೆ? ಬರೀ ಸುದ್ದಿಯಾಗಿ ಯಾಕೆ ಉಳಿಯುವುದಿಲ್ಲ? ಇದಕ್ಕೆ ವಿಜ್ಞಾನಿಗಳಲ್ಲಿ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ. ನಾಳೆ ನಾಲ್ಕು ಬಲಗಳೂ ಒಂದಾದರೂ, ಆ ಸಮೀಕರಣದಲ್ಲಿ ಈ ಪ್ರಶ್ನೆಗೆ ಉತ್ತರ ಇರಲೇಬೇಕು ಎಂದೇನಿಲ್ಲ.

ದರ್ಶನಗಳು ಆ ರುಚಿ ನೋಡುವವನನ್ನು ಮೊದಲಿಂದಲೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದವು. ಅವನಿಗೆ ಶೃಂಗೇರಿಯಲ್ಲೂ ಉಡುಪಿಯಲ್ಲೂ ಒಂದೇ ಹೆಸರು, ಸಾಕ್ಷಿ. ಶಂಕರರ ಪರಂಪರೆಯಲ್ಲಿ ಆ ಸಾಕ್ಷಿ ಎಲ್ಲರೊಳಗೂ ಬೆಳಗುವ ಒಂದೇ ಅರಿವು. ಮಧ್ವರಲ್ಲಿ ಪ್ರತಿ ಜೀವಕ್ಕೂ ಅದರದೇ ಸಾಕ್ಷಿ. ನಿಮ್ಮ ಉಪ್ಪಿನ ರುಚಿಗೆ ಸಾಕ್ಷಿ ನೀವೇ, ನನ್ನದಕ್ಕೆ ನಾನೇ.

"ಇದರಲ್ಲಿ ಯಾವುದು ಸರಿ?" ಎಂದು ಅವಳು ಕೇಳಿದಳು. ತಂಬಿಗೆಯ ನೀರನ್ನು ಹಿತ್ತಲಿಗೆ ಚೆಲ್ಲು, ತುಳಸಿ ಬುಡಕ್ಕೆ ಮಾತ್ರ ಹಾಕಬೇಡ ಎಂದೆ. ಪ್ರಶ್ನೆಗೆ ಉತ್ತರ ಹುಡುಕುತ್ತಾ ಇಬ್ಬರೂ ಇನ್ನೂ ಓದುತ್ತಿದ್ದೇವೆ.